ಹ್ಞೂಂ ಅಂದವರು

ಕಾರು ಹೊರಡುವ ಮೊದಲೇ ಮಕ್ಕಳ ಕೈಗೆ ಮೊಬೈಲ್ ಕೊಟ್ಟು, ಅಬ್ಬಾ ಸುಮ್ಮನಾದವು ಎಂದು ಉಸಿರು ಬಿಡುವ ತಂದೆ ತಾಯಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮದುವೆಗೆ ಹೋದಲ್ಲಿ, ಬಸುರಿಯರ ಕುಬಸಕ್ಕೆ ಹೋದಲ್ಲಿ, ಯಾರೂ ಕೇಳದಿದ್ದರೂ ಹೇಳುತ್ತಿದ್ದೆ: "ನಮ್ಮ ಹುಡುಗ್ಯಾರು ನರಗುಂದದಿಂದ ಗಜೇಂದ್ರಗಡದ ತನಕಾ ಮೊಬೈಲ್ ಮುಟ್ಟಂಗಿಲ್ಲ ನೋಡ್ರಿ. ನಾ ಕಥಿ ಹೇಳತೇನಿ, ಅವು ಕೇಳತಾವ." ಕೇಳಿದವರು "ಹೌದಾ?" ಎಂದು ಬಾಯಿ ತೆರೆಯುತ್ತಿದ್ದರು. ಅದನ್ನು ನೋಡಲಿಕ್ಕೇ ನಾನು ಹೇಳುತ್ತಿದ್ದೆ, ಸುಳ್ಳೇಕೆ.

ನಮ್ಮ ಹುಡುಗಿಯರು ಎಂದೆ. ಅವರು ನನ್ನ ತಮ್ಮನ ಮಕ್ಕಳು. ತಮ್ಮನದು ಗಜೇಂದ್ರಗಡದಲ್ಲಿ ಅರಿವೆ ಅಂಗಡಿ. ಗಂಡ ಹೆಂಡತಿ ಇಬ್ಬರೂ ಬೆಳಗಿನಿಂದ ರಾತ್ರಿಯ ತನಕ ಅಲ್ಲೇ. ಹಿರಿಯ ಮಗಳು ಸೀರೆಯ ಗಂಟುಗಳ ನಡುವೆ, ಗಿರಾಕಿಗಳ ಕಾಲಡಿಯಲ್ಲಿ ಬೆಳೆಯುತ್ತಿದ್ದಳು. ನಾನು ನರಗುಂದದಲ್ಲಿ ಒಬ್ಬಳೇ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಾಗಲಿಲ್ಲ. ಪಡಸಾಲೆಯಲ್ಲಿ ಮಷಿನ್ ಹಾಕಿಕೊಂಡು ಜಂಪರ್ ಹೊಲಿಯುತ್ತೇನೆ. ನಮ್ಮ ಮನೆಯ ಹಿಂದೆಯೇ ಶಾಲೆ, ಅದರ ಗಂಟೆ ನನ್ನ ಅಡುಗೆಮನೆಗೆ ಕೇಳುತ್ತದೆ. "ನನ್ನ ಹಂತ್ಯಾಕ ಬಿಡೋ ತಮ್ಮಾ, ಚಲೋ ಸಾಲಿ ಐತಿ" ಎಂದು ನಾನೇ ಕೇಳಿ ತಂದುಕೊಂಡೆ. ದೊಡ್ಡವಳು ಒಂದನೇ ಇಯತ್ತೆಗೆ ಬಂದವಳು ಐದನೆಯದಕ್ಕೆ ಬಂದಿದ್ದಳು. ಅವಳ ಹಿಂದೆ ಸಣ್ಣವಳೂ ಬಂದು ಎರಡು ವರ್ಷವಾಗಿತ್ತು. ಇಬ್ಬರೂ ಹತ್ತನೆಯದು ಮುಗಿಸುವ ತನಕ ನನ್ನ ಮನೆಯಲ್ಲೇ ಇರುತ್ತಾರೆಂದು ನಾನು ಮನಸ್ಸಿನಲ್ಲಿ ಬರೆದುಕೊಂಡುಬಿಟ್ಟಿದ್ದೆ. ಅದಕ್ಕೆ ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದಿರಲೂ ಇಲ್ಲ.

ಶನಿವಾರ ಬೆಳಗಿನ ಶಾಲೆ. ತಮ್ಮ ಆ ದಿನ ಹುಬ್ಬಳ್ಳಿಗೆ ಹೋಗಿ ಮಾಲು ಹಾಕಿಕೊಂಡು ಮಧ್ಯಾಹ್ನದ ಹೊತ್ತಿಗೆ ನರಗುಂದಕ್ಕೆ ಬರುತ್ತಿದ್ದ. ಮಕ್ಕಳನ್ನು ಹತ್ತಿಸಿಕೊಂಡು ರೋಣದ ಮೇಲೆ ಹಾಯ್ದು ಗಜೇಂದ್ರಗಡ. ಭಾನುವಾರ ಸಂಜೆಗೆ ಅದೇ ದಾರಿಯಲ್ಲಿ ತಂದು ನನ್ನ ಮನೆಗೆ ಬಿಡುತ್ತಿದ್ದ. ಮೊದಮೊದಲು ನಾನು ಹೋಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರಿಗೂ ಮೊಬೈಲ್ ಕೊಟ್ಟು ಕೂರಿಸುತ್ತಿದ್ದ. ಒಂದು ಶನಿವಾರ ಸಣ್ಣವಳು ಬಗ್ಗಿ ಮೊಬೈಲ್ ನೋಡುತ್ತ ನೋಡುತ್ತ, ಪಕ್ಕದಲ್ಲಿದ್ದ ಹೊಸ ಸೀರೆಗಳ ಗಂಟಿನ ಮೇಲೆ ವಾಂತಿ ಮಾಡಿಕೊಂಡಳು. ಮರುದಿನ ತಮ್ಮ ಬಂದು, "ಅಕ್ಕಾ, ಇಕಿಗೆ ಮೊಬೈಲ್ ಕೊಟ್ರ ವಾಂತಿ, ಕೊಡಲಿಲ್ಲಂದ್ರ ರಂಪಾಟ. ನೀನರ ಬಾ, ಏನರ ಮಾತಾಡ್ಕೋತ ಕುಂಡ್ರು" ಎಂದ. ನನಗೆ ಬೇಕಾಗಿದ್ದೂ ಅದೇ. ಗಿರಾಕಿಗಳಿಗೆಲ್ಲ ಶನಿವಾರ ಭಾನುವಾರ ಮಷಿನ್ ಬಂದ್ ಎಂದು ಹೇಳಿಬಿಟ್ಟೆ.

ಆ ದಾರಿ ಗೊತ್ತಿದ್ದವರಿಗೆ ಗೊತ್ತು. ಎರಡೂ ಕಡೆ ಎರೆ ಹೊಲ, ಮೇಲೆ ಆಕಾಶ. ಜೋಳವಿದ್ದಾಗ ಜೋಳ, ಕಡಲೆ ಇದ್ದಾಗ ಕಡಲೆ, ಏನೂ ಇಲ್ಲದಾಗ ಏನೂ ಇಲ್ಲ. ದೊಡ್ಡವರಿಗೇ ನಿದ್ದೆ ಬರುತ್ತದೆ, ಇನ್ನು ಮಕ್ಕಳು ಎಷ್ಟು ಹೊತ್ತು ಕಿಟಕಿಗೆ ಅಂಟಿಕೊಂಡಾರು? ಶುರುವಿಗೆ ಟ್ರ್ಯಾಕ್ಟರ್ ಎಣಿಸುವ ಆಟ ಹೂಡಿದೆ. ಎಡಗಡೆ ಬಂದದ್ದು ಸಣ್ಣವಳದು, ಬಲಗಡೆಯದು ದೊಡ್ಡವಳದು, ಕುರಿ ಹಿಂಡು ಬಂದರೆ ನನ್ನದು. ಕುರಿ ಎಣಿಸಲಾಗದೆ ನಾನೇ ಗೆಲ್ಲುತ್ತಿದ್ದೆ. ಅದಕ್ಕೆ ಜಗಳವಾಯಿತು. ಒಗಟು ಹಾಕಿದೆ, ನನಗೆ ಬರುತ್ತಿದ್ದ ಒಗಟುಗಳೆಲ್ಲ ಎರಡು ವಾರದಲ್ಲಿ ಮುಗಿದವು. ಕಡೆಗೆ ಕಥೆಗೆ ಬಂದೆ.

ಕಥೆ ಹೇಳಬೇಕಾದರೆ ನಮ್ಮಲ್ಲಿ ಒಂದು ರೂಢಿ ಇದೆ. ಕೇಳುವವರು ಹ್ಞೂಂ ಅನ್ನಬೇಕು. ಮಾತು ಮಾತಿಗೂ ಅನ್ನಬೇಕು. ಹ್ಞೂಂ ನಿಂತರೆ ಹೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ, ರಾಜಕುಮಾರಿ ಬಾವಿಯ ಕಟ್ಟೆಯ ಮೇಲೆ ನಿಂತಿದ್ದರೆ ಅಲ್ಲೇ ನಿಲ್ಲುತ್ತಾಳೆ. ನನ್ನ ಅಜ್ಜಿ ಹಾಗೆ ಎಷ್ಟು ಜನರನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿದ್ದಳೋ. ಈ ಹುಡುಗಿಯರಿಗೂ ಅದನ್ನೇ ಕಲಿಸಿದೆ. ದೊಡ್ಡವಳು ಗಂಭೀರವಾಗಿ, ಪಂಚಾಯತಿಯಲ್ಲಿ ಕೂತ ಹಿರಿಯರ ಹಾಗೆ ಹ್ಞೂಂ ಅನ್ನುತ್ತಿದ್ದಳು. ಸಣ್ಣವಳು ನಾನು ಉಸಿರು ತೆಗೆದುಕೊಳ್ಳುವ ಮೊದಲೇ ಅಂದುಬಿಡುತ್ತಿದ್ದಳು. ಸ್ವಲ್ಪ ದಿನ ಕಳೆದ ಮೇಲೆ ಸ್ಟೇರಿಂಗ್ ಹಿಡಿದ ತಮ್ಮನೂ ಹ್ಞೂಂ ಅನ್ನತೊಡಗಿದ. ವ್ಯಾಪಾರ, ಗಿರಾಕಿ, ಮಾಲು ಬಿಟ್ಟು ಬೇರೆ ಮಾತಿಲ್ಲದ ಗಂಡಸು ನನ್ನ ಕಥೆಗೆ ಹ್ಞೂಂ ಅನ್ನುತ್ತಾನಲ್ಲ ಎಂದು ನನಗೆ ಹಿಗ್ಗೋ ಹಿಗ್ಗು.

ಕಥೆ ಒಂದು ಆಡಿನದು. ಆ ಆಡು ನರಗುಂದದ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಇಲ್ಲದೆ ಬಸ್ ಹತ್ತುತ್ತದೆ. ಕಂಡಕ್ಟರ್ ಕೇಳಿದರೆ, "ನಾನೂ ಹೆಣ್ಣ ಅದೀನ್ರಿ, ನನಗೂ ಫ್ರೀ" ಅನ್ನುತ್ತದೆ. "ಹಂಗಾದ್ರ ಆಧಾರ್ ಕಾರ್ಡ್ ತೋರ್ಸು" ಅನ್ನುತ್ತಾನೆ ಅವನು. ಆಡು ಅದನ್ನು ದಾರಿಯಲ್ಲಿ ತಿಂದುಬಿಟ್ಟಿರುತ್ತದೆ. ಮುಂದಿನ ಊರಲ್ಲಿ ಇಳಿಸುತ್ತಾರೆ. ಆ ಊರಿನಲ್ಲಿ ಅದರ ಒಂದು ಫಜೀತಿ. ವಾರಕ್ಕೊಂದು ಊರು, ಊರಿಗೊಂದು ಫಜೀತಿ. ಸೂಡಿಯ ಹೊಂಡದಲ್ಲಿ ತನ್ನ ಮುಖ ನೋಡಿ ಇದ್ಯಾರ ಗಡ್ಡ ಎಂದು ಕೇಳಿತ್ತು. ಮುಶಿಗೇರಿಯ ಕಣದಲ್ಲಿ ಕಡಲೆ ತಿಂದು ಹೊಟ್ಟೆ ಉಬ್ಬಿಸಿಕೊಂಡಿತ್ತು. ರಾಜೂರ ದಾಟುವಷ್ಟರಲ್ಲಿ ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಪಂಕಗಳು ಕಾಣುತ್ತಿದ್ದವು. "ಪಂಕಾ ಬಂತೂ!" ಎಂದು ಇಬ್ಬರೂ ಕಾರು ಹರಿದುಹೋಗುವಂತೆ ಕಿರುಚುತ್ತಿದ್ದರು. ನಾನು ಕಥೆಯನ್ನು ಸರಿಯಾಗಿ ಅಲ್ಲಿಗೆ ತಂದು ನಿಲ್ಲಿಸುತ್ತಿದ್ದೆ. ಕಿರುಚಿದ್ದು ನನ್ನ ಆಡಿಗೆ ಎಂದುಕೊಂಡಿದ್ದೆ.

ಒಂದು ಸಲ ದೊಡ್ಡವಳು ಕೇಳಿದಳು: "ಅತ್ತಿ, ಆಡಿನ ಮನಿ ಯಾವೂರಾಗ ಐತಿ?"

"ನರಗುಂದದಾಗ."

"ಅಲ್ಲ. ಗಜೇಂದ್ರಗಡದಾಗ."

"ಕಥಿ ನಂದೋ ನಿಂದೋ?" ಎಂದು ಗದರಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ನಾನು ಮುಂದುವರಿಸಿದೆ, ಹ್ಞೂಂ ಬಂತು.

ಭಾನುವಾರದ ದಾರಿ ಬೇರೆ ಥರ. ಬರುವಾಗ ಇಬ್ಬರೂ ಮಂಕಾಗಿರುತ್ತಿದ್ದರು. ಕಥೆ ಎತ್ತಿದರೆ ಎರಡು ಮಾತಿಗೆ ಹ್ಞೂಂ, ಆಮೇಲೆ ಕಣ್ಣು ಮುಚ್ಚುವುದು. ಅವರವ್ವನ ಕೈಯ ಹೋಳಿಗೆ ಉಂಡು ನಿದ್ದೆ ಎಂದುಕೊಂಡು ಸೆರಗು ಹೊದಿಸಿ ಸುಮ್ಮನಾಗುತ್ತಿದ್ದೆ.

ಈ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರಿದ ದಿನಗಳಲ್ಲಿ ನನ್ನ ಮೊಬೈಲ್ ನೀರಿನ ಬಕೆಟಿಗೆ ಬಿತ್ತು. ತಮ್ಮ ತಾನು ಹೊಸದು ತಗೊಂಡು ಹಳೆಯದನ್ನು ನನಗೆ ಕೊಟ್ಟ. "ಎಲ್ಲಾ ಸಾಫ್ ಮಾಡೇನಿ ಅಕ್ಕಾ, ಬರೇ ಸಿಮ್ ಹಾಕ್ಕೋ" ಎಂದ. ಎಲ್ಲ ಸಾಫ್ ಆಗಿರಲಿಲ್ಲ. ಬುಧವಾರ ಬೆಳಿಗ್ಗೆ, ಮಕ್ಕಳು ಶಾಲೆಗೆ ಹೋದ ಮೇಲೆ, ಏನೋ ಒತ್ತಲು ಹೋಗಿ ಏನೋ ತೆರೆಯಿತು. ಒಂದರ ಕೆಳಗೊಂದು ಸಾಲಾಗಿ: ಅಕ್ಕನ ಕಥಿ, ಅಕ್ಕನ ಕಥಿ, ಅಕ್ಕನ ಕಥಿ. ಒತ್ತಿದರೆ ನನ್ನ ಧ್ವನಿ. ತಮ್ಮ ಮುಂದೆ ಕನ್ನಡಿಯ ಕೆಳಗೆ ಮೊಬೈಲ್ ಸಿಕ್ಕಿಸಿಟ್ಟು ನನಗೆ ಗೊತ್ತಾಗದ ಹಾಗೆ ಎಲ್ಲವನ್ನೂ ರೆಕಾರ್ಡ್ ಮಾಡಿ ಹಿಡಿದಿಟ್ಟುಕೊಂಡಿದ್ದ.

ನನಗಾದ ಸಂತೋಷವನ್ನು ಹೇಗೆ ಹೇಳಲಿ. ಮಷಿನ್ ನಿಲ್ಲಿಸಿದೆ. ಒಲೆಯ ಮೇಲಿನ ಹಾಲು ಉಕ್ಕಿದ್ದು ವಾಸನೆ ಬಂದಾಗ ಗೊತ್ತಾಯಿತು. ಹುಟ್ಟಿದಾಗಿನಿಂದ ನನ್ನನ್ನು ಒಂದು ಮಾತು ಹೊಗಳದ ತಮ್ಮ ನನ್ನ ಕಥೆಗಳನ್ನು ಗಂಟು ಕಟ್ಟಿ ಇಟ್ಟಿದ್ದಾನೆ! ಒಬ್ಬಳೇ ನಗುತ್ತ ಒಂದೊಂದನ್ನೇ ಕೇಳಿದೆ. ಆಧಾರ್ ಕಾರ್ಡಿನದು ಬಂತು. ಸೂಡಿಯ ಹೊಂಡದ್ದು ಬಂತು. ಸಣ್ಣವಳ ಅವಸರದ ಹ್ಞೂಂ ಕೇಳಿ ಮೊಬೈಲನ್ನೇ ಮುದ್ದಿಸಿದೆ.

ಆಮೇಲಿನದು ಸಂಕ್ರಮಣದ ಹಿಂದಿನ ಶನಿವಾರದ್ದು. ಅದರಲ್ಲಿ ರೋಣದ ಬಸ್ ಸ್ಟ್ಯಾಂಡಿನ ಎದುರು ಕಾರು ನಿಲ್ಲುತ್ತದೆ. "ಮಿರ್ಚಿ ಭಜಿ ತರತೇನಿ, ಕುಂಡ್ರಿ" ಎಂದು ನಾನು ಇಳಿದು ಬಾಗಿಲು ಹಾಕುತ್ತೇನೆ. ಮೊಬೈಲ್ ಹಿಡಿಯುತ್ತಲೇ ಇದೆ.

ಸ್ವಲ್ಪ ಹೊತ್ತು ಬರೀ ಬಸ್ಸುಗಳ ಸದ್ದು. ಆಮೇಲೆ ದೊಡ್ಡವಳು, "ಅಪ್ಪಾ, ಅತ್ತಿಗೆ ಯಾವಾಗ ಹೇಳತಿ?"

"ಪರೀಕ್ಷಾ ಮುಗೀಲಿ. ಈಗ ಹೇಳಿದ್ರ ಭಾಳ ಮನಸಿಗೆ ಹಚ್ಕೋತಾಳ. ನೀವೂ ಬಾಯಿ ಬಿಡಬ್ಯಾಡ್ರಿ ಮತ್ತ."

"ನಾ ಹೇಳಂಗಿಲ್ಲ," ಇದು ಸಣ್ಣವಳು. "ಗಜೇಂದ್ರಗಡದ ಸಾಲಿಗೆ ವ್ಯಾನ್ ಬರತೈತಿ, ಹೌದಿಲ್ಲೊ ಅಪ್ಪಾ?"

"ಹ್ಞೂಂ. ನಮ್ಮ ಮನಿ ಮುಂದನ ಬರತೈತಿ. ರೊಕ್ಕಾನೂ ಕಟ್ಟಿ ಬಂದೇನಿ."

"ಅತ್ತಿ ಬಂದ್ಲು, ಅತ್ತಿ ಬಂದ್ಲು. ಸುಮ್ನಿರ್ರಿ," ಇದು ದೊಡ್ಡವಳು.

ಬಾಗಿಲು ತೆಗೆಯುವ ಸದ್ದು. ನನ್ನದೇ ಧ್ವನಿ: "ಬಿಸಿ ಅದಾವು, ಬಾಯಿ ಸುಟ್ಕೊಂಡೀರಿ. ಎಲ್ಲಿಗೆ ಬಂದಿತ್ತವ್ವಾ ನಮ್ಮ ಆಡು?" ಆಮೇಲೆ ಕಥೆ. ಆಮೇಲೆ ಹ್ಞೂಂ, ಹ್ಞೂಂ, ಹ್ಞೂಂ. ಮೂವರೂ.

ನಾನು ಅದನ್ನು ಮತ್ತೆ ಕೇಳಿದೆ. ಮೂರನೇ ಸಲ ಕೇಳಿದೆ. ಹುಣ್ಣನ್ನು ಕೆರೆದು ಕೆರೆದು ನೋಡುತ್ತಾರಲ್ಲ, ಹಾಗೆ. ಮಕ್ಕಳನ್ನು ಕರೆದುಕೊಂಡು ಹೋಗುವುದು ತಂದೆಯ ಹಕ್ಕು, ಅದು ನನಗೂ ಗೊತ್ತು. ಎದುರಿಗೆ ಹೇಳಿದ್ದರೆ ಅಳುತ್ತಿದ್ದೆ, ಜಗಳ ಮಾಡುತ್ತಿದ್ದೆ, ಬುತ್ತಿ ಕಟ್ಟಿಕೊಟ್ಟು ಕಳಿಸುತ್ತಿದ್ದೆ. ಆದರೆ ಇವರು ಎರಡು ತಿಂಗಳಿಂದ ಬಾಯಲ್ಲಿ ಗುಟ್ಟು ಇಟ್ಟುಕೊಂಡು ಅದೇ ಬಾಯಿಂದ ನನಗೆ ಹ್ಞೂಂ ಅಂದಿದ್ದರು. ದೊಡ್ಡವರು ಮೋಸ ಮಾಡಿದರೆ ತಡೆದುಕೊಳ್ಳಬಹುದು. ನನ್ನ ತೊಡೆಯ ಮೇಲೆ ಮಲಗಿ, ನಾನೇ ಎಣ್ಣೆ ಹಚ್ಚಿ ಜಡೆ ಹಾಕಿದ ಏಳು ವರ್ಷದ ಹುಡುಗಿ ಇಷ್ಟು ಚೆನ್ನಾಗಿ ಗುಟ್ಟು ಕಾಯುತ್ತಾಳೆಂದರೆ? ಯಾರು ಕಲಿಸಿದರು ಎಂದು ಹಲ್ಲು ಕಚ್ಚಿದೆ. ಪ್ರತಿ ಶನಿವಾರ ರೋಣದಲ್ಲಿ, ಅವರವ್ವ ಎರಡೇ ಸಾಕೆಂದಿದ್ದರೂ, ಮೂರನೆಯ ಮಿರ್ಚಿ ಕೊಟ್ಟು, "ನಿಮ್ಮವ್ವಗ ಹೇಳಬ್ಯಾಡ್ರಿ" ಎಂದು ಕಲಿಸಿದವಳು ನಾನೇ. ಅದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

ಶಾಲೆ ಬಿಟ್ಟು ಬಂದ ಮಕ್ಕಳಿಗೆ ಅವಲಕ್ಕಿ ಹಾಕಿಕೊಟ್ಟೆ. ಏನೂ ಕೇಳಲಿಲ್ಲ. ಗುರುವಾರ ಶುಕ್ರವಾರವೂ ಕೇಳಲಿಲ್ಲ. ಅವರಷ್ಟೇ ಅಲ್ಲ, ನಾನೂ ಬಾಯಿ ಹೊಲಿದುಕೊಳ್ಳಬಲ್ಲೆ. ಆ ಮೂರು ದಿನ ನಾನು ಹೊಲಿದ ಜಂಪರ್ ಒಂದಕ್ಕೂ ತೋಳು ಸರಿ ಕೂರಲಿಲ್ಲ, ಆಮೇಲೆ ಎಲ್ಲ ಬಿಚ್ಚಬೇಕಾಯಿತು.

ಶನಿವಾರ ಬಂತು. ಕಾರು ಊರು ಬಿಟ್ಟ ಮೇಲೆ ಸಣ್ಣವಳು ಎಂದಿನಂತೆ, "ಅತ್ತಿ, ಆಡು" ಎಂದಳು.

"ನನ್ನ ಗಂಟಲ ಕೆಟ್ಟೈತಿ," ಎಂದೆ. "ನಿಮ್ಮಪ್ಪ ಹಿಡದಿಟ್ಟಾನ ನೋಡ್ರಿ, ಅದನ್ನ ಹಚ್ಚತೇನಿ. ಎಲ್ಲಾರೂ ಕೇಳೂಣು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಮ್ಮ ಕನ್ನಡಿ ಸರಿಮಾಡಿದ, ಸೀಟು ಸರಿಮಾಡಿದ. "ಹಿಡದಿದ್ನಿ ಅಕ್ಕಾ, ನೆನಪಿಗಿರಲಿ ಅಂತ…" ಎಂದ. ನಾನು ಮೊದಲ ಎರಡು ಕಥೆ ಹಚ್ಚಿದೆ. ಮಕ್ಕಳು ತಮ್ಮ ಧ್ವನಿ ಕೇಳಿ ಬಿದ್ದು ಬಿದ್ದು ನಕ್ಕರು. "ಏ, ಇದು ನಾನು! ಇದು ನೀನು!" ನಾನೂ ನಕ್ಕ ಹಾಗೆ ಮಾಡಿದೆ. ಇಂಥ ಕೆಟ್ಟ ಕೆಲಸವನ್ನು ನಾನು ನನ್ನ ಜನ್ಮದಲ್ಲಿ ಮಾಡಿರಲಿಲ್ಲ, ಮಾಡುವಾಗ ಹಿತವಾಗಿಯೇ ಇತ್ತು. ರೋಣದಲ್ಲಿ ಆ ದಿನ ಮಿರ್ಚಿಗೆ ನಿಲ್ಲಿಸಲಿಲ್ಲ. ಊರು ದಾಟಿದ ಮೇಲೆ ಆ ಸಂಕ್ರಮಣದ ಹಿಂದಿನ ಶನಿವಾರವನ್ನು ಹಚ್ಚಿದೆ.

"ಅಪ್ಪಾ, ಅತ್ತಿಗೆ ಯಾವಾಗ ಹೇಳತಿ?" ಎಂದು ಮೊಬೈಲಿನೊಳಗಿಂದ ದೊಡ್ಡವಳು ಕೇಳಿದಳು. ಇಬ್ಬರ ನಗುವೂ ನಿಂತಿತು. ನಾನು ಕೊನೆಯ ತನಕ ಕೇಳಿಸಿದೆ. ವ್ಯಾನು, ರೊಕ್ಕ, ಅತ್ತಿ ಬಂದ್ಲು, ಎಲ್ಲ.

ಸೂಡಿ ಇನ್ನೂ ಮುಂದಿತ್ತು. ತಮ್ಮ ರಸ್ತೆಯ ಪಕ್ಕ ಒಂದು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದ. ಎರಡೂ ಕೈ ಸ್ಟೇರಿಂಗ್ ಮೇಲೆ ಇಟ್ಟುಕೊಂಡು, ತಿರುಗಿ ನೋಡದೆ, "ಅಕ್ಕಾ, ತಪ್ಪಾತು" ಎಂದ.

"ತಪ್ಪಲ್ಲೋ, ಮೋಸ," ಎಂದೆ. "ನಂಬಿಸಿ ಕುತ್ತಿಗಿ ಕೊಯ್ದ್ರಿ. ನಿನ್ನ ಹೇಣ್ತಿಗೆ ನನ್ನ ಹಂತ್ಯಾಕ ಮಕ್ಕಳ ಇರೂದು ಮನಸಿಗೆ ಬರಲಿಲ್ಲಂದ್ರ ಬಾಯಿಬಿಟ್ಟು ಹೇಳಬೇಕಿತ್ತು. ಈ ಸಣ್ಣ ಹುಡುಗ್ಯಾರ ಕೈಲೆ ಸುಳ್ಳ ಆಡಿಸಿದಿ. ನಾಚಿಕಿ ಬರಲಿಲ್ಲೇನು ನಿನಗ?"

"ಅಕಿ ಏನೂ ಅಂದಿಲ್ಲಕ್ಕಾ. ನಾನೂ ಅಲ್ಲ." ಎಂದ ತಮ್ಮ.

"ಮತ್ಯಾರು?"

 ಒಂದು ಬಸ್ಸು ಪಕ್ಕದಲ್ಲೇ ಹಾಯ್ದು ಕಾರು ಅಲುಗಿತು. ಆಗ ದೊಡ್ಡವಳು, ತನ್ನ ಫ್ರಾಕಿನ ಅಂಚು ಹಿಡಿದುಕೊಂಡು, ಅಳದೆ ಹೇಳಿದಳು: "ನಾನ ಅಪ್ಪಗ ಹೇಳಿದ್ನಿ, ಅತ್ತಿ. ನನಗ ನಮ್ಮ ಮನಿಗೆ ಹೋಗಬೇಕಾಗಿತ್ತು. ನಾಕು ಸಲ ಹೇಳಿದ ಮ್ಯಾಲೆ ಅಪ್ಪ ಹ್ಞೂಂ ಅಂದ."

ಐದು ವರ್ಷ. ಅವಳ ಹಲ್ಲು ಬಿದ್ದದ್ದು ನನ್ನ ಮನೆಯಲ್ಲಿ, ಹೊಸದು ಹುಟ್ಟಿದ್ದು ನನ್ನ ಮನೆಯಲ್ಲಿ. ಜ್ವರ ಬಂದಾಗ ದವಾಖಾನೆಗೆ ಹೊತ್ತುಕೊಂಡು ಓಡಿದವಳು ನಾನು. ಇಷ್ಟೆಲ್ಲ ಮಾಡಿದ ಮೇಲೆ ನನ್ನ ಮನೆ ಅವಳ ಮನೆಯಾಗಿರಲಿಲ್ಲ. ಶನಿವಾರ ಏಕೆ ಅಷ್ಟು ಗಲಗಲ, ಭಾನುವಾರ ಏಕೆ ಅಷ್ಟು ನಿದ್ದೆ ಎಂದು ಆ ಬೇವಿನ ಮರದ ಕೆಳಗೆ ನನಗೆ ತಿಳಿಯಿತು. ಶನಿವಾರ ಕಾರು ಅವರ ಮನೆಯ ಕಡೆ ಓಡುತ್ತಿತ್ತು, ಭಾನುವಾರ ನನ್ನ ಮನೆಯ ಕಡೆ. ಅದೇ ಆಡು, ಅದೇ ಅತ್ತೆ, ಅದೇ ದಾರಿ. ನಾನು ಮಕ್ಕಳನ್ನು ರಂಜಿಸುತ್ತಿದ್ದೇನೆಂದು ಊರೆಲ್ಲ ಕೊಚ್ಚಿಕೊಂಡು ತಿರುಗಿದೆ. ಅವರು ಊರು ಬರುವ ತನಕ ನನ್ನನ್ನು ಸಹಿಸಿಕೊಂಡಿದ್ದರು.

ಹಾಗೆಂದು ಈಗ ಬರೆಯುವಾಗ ಅದು ಪೂರ್ತಿ ಖರೆ ಅಲ್ಲವೆಂದೂ ಅನ್ನಿಸುತ್ತದೆ. ಆದರೆ ಅಂದು ನನಗೆ ಅನ್ನಿಸಿದ್ದು ಅದೇ, ಅದನ್ನು ಮೆತ್ತಗೆ ಮಾಡಿ ಬರೆಯಲಾರೆ.

"ನನಗ್ಯಾಕ ಹೇಳಲಿಲ್ಲವ್ವಾ? ಅಪ್ಪಗ ನಾಕು ಸಲ ಹೇಳಿದಾಕಿ ನನಗ ಒಂದ ಸಲ ಹೇಳಬಾರದಿತ್ತೇನು?"

"ಹೇಳಿದ್ರ ನೀ ಕಥಿ ಹೇಳೂದ ಬಿಡ್ತಿದ್ದಿ," ಎಂದಳು.

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ನನ್ನ ಕೈಯಲ್ಲಿ ಇನ್ನೂ ಆ ಮೊಬೈಲ್ ಇತ್ತು. ತಮ್ಮ ಕಾರು ಚಾಲೂ ಮಾಡಿದ.

ಪರೀಕ್ಷೆ ಮುಗಿಯಲು ಇನ್ನು ಮೂರು ಶನಿವಾರ ಉಳಿದಿದ್ದವು. ಕಥೆ ಹೇಳಬೇಕೆಂದು ನರಗುಂದದಿಂದ ಪ್ರತಿ ಸಲ ಗಟ್ಟಿ ಮನಸ್ಸು ಮಾಡಿಕೊಂಡೇ ಹತ್ತಿದೆ. ಕಾರು ಊರು ದಾಟಿದ ಮೇಲೆ ಆಡಿನ ಹೆಸರೆತ್ತಲು ಆಗುತ್ತಿರಲಿಲ್ಲ. ಸೋತವರ ಹಾಗೆ ಕಾಣಬಾರದಲ್ಲ, ಅದಕ್ಕೆ ಮಕ್ಕಳ ಪಕ್ಕ ಬಿಟ್ಟು ಮುಂದಿನ ಸೀಟಿನಲ್ಲಿ ಕೂತು, "ತಗೋರಿ, ನೋಡ್ಕೋತ ಕುಂಡ್ರಿ" ಎಂದು ಮೊಬೈಲನ್ನು ನಾನೇ ಹಿಂದಕ್ಕೆ ಚಾಚಿದೆ. ಬೇಡ ಅನ್ನುತ್ತಾರೇನೋ ಎಂದು ಒಂದು ಕ್ಷಣ ಕೈ ಹಾಗೇ ಹಿಡಿದಿದ್ದೆ. ತಗೊಂಡರು. ಸಣ್ಣವಳಿಗೆ ವಾಂತಿಯೂ ಆಗಲಿಲ್ಲ, ಅಷ್ಟರಲ್ಲಿ ಅದೂ ಬಿಟ್ಟುಹೋಗಿತ್ತು. ಬೆಕ್ಕು ಇಲಿ ಬಡಿದಾಡುವ ಸದ್ದು ಕೇಳುತ್ತ ನಾನು ಕಡಲೆ ಕಿತ್ತ ಬರಿ ಹೊಲ ನೋಡುತ್ತ ಕೂತೆ. ತಮ್ಮ ಎರಡು ಸಲ ಮಾತು ತೆಗೆದ. ಮಳೆಯ ಮಾತು, ಮಾಲಿನ ಮಾತು. ನಾನು ಹ್ಞೂಂ ಅನ್ನಲಿಲ್ಲ.

ಮೂರನೆಯ ಶನಿವಾರ ಡಿಕ್ಕಿಯಲ್ಲಿ ಅವರ ಪುಸ್ತಕದ ಚೀಲ, ಹಾಸಿಗೆಯ ಸುರುಳಿ ಎಲ್ಲ ಇತ್ತು. ಸಣ್ಣವಳು ಮೊಬೈಲನ್ನು ಅಕ್ಕನ ಕೈಗೆ ಕೊಟ್ಟು, ಎರಡು ಸೀಟುಗಳ ನಡುವೆ ತಲೆ ತೂರಿಸಿ, ನನ್ನ ಭುಜದ ಮೇಲೆ ಗದ್ದ ಊರಿದಳು.

"ಅತ್ತಿ, ಸಿಟ್ಟ ಹೋತೇನು?"

"ಇನ್ನೂ ಇಲ್ಲ," ಎಂದೆ. ಸುಳ್ಳು ಹೇಳುವುದು ಬೇಡವಾಗಿತ್ತು.

"ಹೋದ ಕೂಡ್ಲೇ ಹೇಳು. ಆಡು ರಾಜೂರದಾಗ ನಿಂತೈತಿ."

ಆಡಿನ ಕಥೆ ಹೇಳಬೇಕೆಂದು ತಿರುಗಿದೆ. ಸಿಟ್ಟು ಹೋಗುವುದರೊಳಗೆ ಊರು ಬಂತು.